ಕೆಲಸದಿಂದ ತೆಗೆಯೋ ಮೊದಲು ಇವರನ್ನ ಒಮ್ಮೆ ಕೇಳಿ: ದಾವಣಗೆರೆಯ ಒಂದು ಲೇಬರ್ ಕನ್ಸಲ್ಟೆನ್ಸಿ ಬಗ್ಗೆ

ದಾವಣಗೆರೆಯ ಚೌಕಿಪೇಟೆ ಹತ್ತಿರ ನಮ್ಮದೊಂದು ಜವಳಿ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ಮತ್ತು ನನ್ನ ತಮ್ಮ ನೋಡಿಕೊಳ್ಳುತ್ತೇವೆ. ಕೆಲಸಕ್ಕೆ 24 ಜನ ಇದ್ದಾರೆ, ಅದರಲ್ಲಿ 15 ಜನ ಹೆಣ್ಣುಮಕ್ಕಳು. ಕಳೆದ ಒಂದೂವರೆ ವರ್ಷದಿಂದ ನಾವು ಒಬ್ಬ ಲೇಬರ್ ಕನ್ಸಲ್ಟೆಂಟ್, ಅಂದರೆ ಕಾರ್ಮಿಕ ಕಾನೂನಿನ ಸಲಹೆಗಾರರ ಹತ್ತಿರ ಸಲಹೆ ತಗೊಳ್ಳುತ್ತಿದ್ದೇವೆ. ಅವರ ಕೆಲಸದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ವಯಸ್ಸಾಗಿದೆ, ಈಗ ಬರುವವರಿಗೇ ಸಮಯ ಕೊಡೋಕಾಗ್ತಿಲ್ಲ ಅಂತ. ಹಾಗಾಗಿ ಹೆಸರು ಹಾಕುತ್ತಿಲ್ಲ. ನಿಜವಾಗಿ ಬೇಕಾದವರು ನನ್ನನ್ನು ಕೇಳಿ, ಅವರ ಒಪ್ಪಿಗೆ ತಗೊಂಡು ನಂಬರ್ ಕೊಡುತ್ತೇನೆ.

ಇವರಿಗಿಂತ ಮೊದಲು ಬೇರೆ ಕಡೆ ದುಡ್ಡು ಕಳೆದುಕೊಂಡಿದ್ದನ್ನೂ ಹೇಳಿಬಿಡುತ್ತೇನೆ. ಆನ್‌ಲೈನಲ್ಲಿ ಒಂದು ಕಂಪನಿಯವರು ಸಣ್ಣ ವ್ಯಾಪಾರಿಗಳಿಗೆ ಎಚ್‌ಆರ್ ಪಾಲಿಸಿ (ಕೆಲಸದವರಿಗೆ ನಿಯಮಾವಳಿ) ಮಾಡಿಕೊಡ್ತೀವಿ ಅಂತ 18,000 ರೂಪಾಯಿ ತಗೊಂಡರು. ಬಂದಿದ್ದು 76 ಪುಟದ ಇಂಗ್ಲಿಷ್ ಫೈಲು. ಅದರಲ್ಲಿ ಲ್ಯಾಪ್‌ಟಾಪ್ ಬಳಕೆ, ಮನೆಯಿಂದ ಕೆಲಸ, ವಿಮಾನ ಪ್ರಯಾಣದ ಭತ್ಯೆ ಎಲ್ಲಾ ಇತ್ತು. ಸೀರೆ ಮಡಚೋ ಹೆಣ್ಣುಮಗಳಿಗೆ ಅದರಲ್ಲಿ ಒಂದು ಸಾಲೂ ಸಂಬಂಧ ಇರಲಿಲ್ಲ. ಕೊನೆಯ ಪುಟದಲ್ಲಿ 'ಓದಿ ಅರ್ಥ ಮಾಡಿಕೊಂಡಿದ್ದೇನೆ' ಅಂತ ಎಲ್ಲರಿಂದ ಸಹಿ ಹಾಕಿಸಿ ಅಂದರು. ಓದೋಕೆ ಬರದ ಭಾಷೆಯಲ್ಲಿ ಬರೆದಿರೋದಕ್ಕೆ ಓದಿದ್ದೇನೆ ಅಂತ ಸಹಿ ಹಾಕಿಸೋದು ಹೇಗೆ? ಆ ಫೈಲು ಈಗಲೂ ಕಪಾಟಿನಲ್ಲಿದೆ.

ಈಗ ಇವರ ಹತ್ತಿರ ಹೋದ ಕಥೆ. ಮದುವೆ ಸೀಸನ್ನು. ಒಂದು ಶನಿವಾರ ಸಂಜೆ ಸ್ಟಾಕ್ ನೋಡುವಾಗ ಎರಡು ರೇಷ್ಮೆ ಸೀರೆ ಕಡಿಮೆ ಬಂತು. ಎರಡೂ ಸೇರಿ 9,800 ರೂಪಾಯಿ ಮಾಲು. ಕ್ಯಾಮೆರಾ ಹಾಕಿ ನೋಡಿದರೆ, ನಮ್ಮ ಕೌಂಟರ್ ಹುಡುಗ ಮಧ್ಯಾಹ್ನ ಹೊತ್ತಿನಲ್ಲಿ ಒಂದು ಚೀಲ ತುಂಬಿ ಪಕ್ಕದ ಬಾಗಿಲಲ್ಲಿ ಒಬ್ಬ ಹೆಂಗಸಿನ ಕೈಗೆ ಕೊಡುತ್ತಿದ್ದಾನೆ. 22 ವರ್ಷದ ಹುಡುಗ, ಮೂರು ವರ್ಷದಿಂದ ನಮ್ಮಲ್ಲಿದ್ದಾನೆ. ಕರೆದು ಕೇಳಿದೆ. 'ಇಲ್ಲ ಸಾವ್ಕಾರ್ರೆ, ನಾನು ಯಾರಿಗೂ ಕೊಟ್ಟಿಲ್ಲ' ಅಂದ. ಕ್ಯಾಮೆರಾದಲ್ಲಿ ಕಣ್ಣಾರೆ ನೋಡಿದ ಮೇಲೆ ಆ ಮಾತು ಕೇಳಿ ನನಗೆ ಎಲ್ಲಿತ್ತೋ ಸಿಟ್ಟು. ಗಿರಾಕಿಗಳು, ಕೆಲಸದವರು ಎಲ್ಲರ ಎದುರಿಗೇ ಕಳ್ಳ ಅಂದೆ. ನಾಳೆಯಿಂದ ಅಂಗಡಿ ಮೆಟ್ಟಿಲು ಹತ್ತಬೇಡ ಅಂದೆ.

ರಾತ್ರಿ ನನ್ನ ಸ್ನೇಹಿತರೊಬ್ಬರಿಗೆ ಫೋನ್ ಮಾಡಿದಾಗ, ಅವರು ಅಕ್ಕಿ ಗಿರಣಿಯವರು, ಮೊದಲು ಇವರನ್ನ ಒಂದು ಮಾತು ಕೇಳು ಅಂತ ನಂಬರ್ ಕೊಟ್ಟರು. ಒಂಬತ್ತೂವರೆಗೆ ಫೋನ್ ಮಾಡಿದೆ. ಎಲ್ಲಾ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: 'ಅವನು ಏನು ಹೇಳ್ತಾನೆ?' ಸುಳ್ಳು ಹೇಳ್ತಾನೆ ಸರ್ ಅಂದೆ. 'ಅದು ನೀವು ಹೇಳೋದು. ಅವನು ಏನು ಹೇಳ್ತಾನೆ ಅಂತ ನಿಮಗೆ ಇನ್ನೂ ಗೊತ್ತಿಲ್ಲ. ನಾಳೆ ಬರೋಕೆ ಹೇಳಿ. ಹಾಜರಿ ಹಾಕಿಸಿ. ಸೋಮವಾರ ನನ್ನ ಹತ್ತಿರ ಬನ್ನಿ, ಕೆಲಸದವರ ಕಾಗದಪತ್ರ ಏನೇನಿದೆಯೋ ಎಲ್ಲಾ ತನ್ನಿ.'

ಆ ರಾತ್ರಿ ಹುಡುಗನಿಗೆ ಫೋನ್ ಮಾಡೋಕೆ ನನಗೆ ಮನಸ್ಸೇ ಬರಲಿಲ್ಲ. ತಮ್ಮ ಮಾಡಿದ.

ಆಫೀಸು ಪಿ.ಜೆ. ಬಡಾವಣೆಯಲ್ಲಿ, ಮಹಡಿ ಮೇಲೆ, ಒಂದೇ ರೂಮು. ಎರಡು ಕಬ್ಬಿಣದ ಬೀರು, ಒಂದು ಟೇಬಲ್ಲು, ಗೋಡೆ ಪೂರ್ತಿ ಫೈಲು. ಇವರು ಮೊದಲು ದೊಡ್ಡ ಕಾರ್ಖಾನೆಯೊಂದರಲ್ಲಿ ವೆಲ್‌ಫೇರ್ ಆಫೀಸರ್, ಅಂದರೆ ಕಾರ್ಮಿಕರ ಕ್ಷೇಮ ನೋಡಿಕೊಳ್ಳೋ ಅಧಿಕಾರಿ ಆಗಿದ್ದವರು. 1948ರ ಕಾರ್ಖಾನೆ ಕಾಯ್ದೆ ಪ್ರಕಾರ 500 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಗ ಆ ಹುದ್ದೆ ಇರಲೇಬೇಕಿತ್ತು. ಹತ್ತಿ ಗಿರಣಿಗಳ ಕಾಲದ ದಾವಣಗೆರೆ ನೋಡಿದ ಮನುಷ್ಯ. ಗಿರಣಿ ಕಾರ್ಮಿಕರ ಪರವಾಗಿ ಪಂಪಾಪತಿಯವರಂಥ ನಾಯಕರು ನಿಂತ ಊರು ಇದು, ಇಲ್ಲಿ ಕೆಲಸಗಾರನಿಗೆ ಮಾತಾಡೋದು ಯಾರೂ ಕಲಿಸಬೇಕಿಲ್ಲ, ಮಾಲೀಕರಿಗೆ ಕೇಳಿಸಿಕೊಳ್ಳೋದು ಕಲಿಸಬೇಕು ಅಂತ ಅವರು ಆಗಾಗ ಹೇಳುತ್ತಾರೆ.

ನಾನು ತಗೊಂಡು ಹೋದ ಫೈಲು ತೆಗೆದು ಒಂದೊಂದೇ ನೋಡಿದರು. ಆಧಾರ್ ಝೆರಾಕ್ಸು, ಫೋಟೋ, ಪಿಎಫ್ ಕಾಗದ. ಆಮೇಲೆ ಒಂದು ಕಟ್ಟು ಸಿಕ್ಕಿತು. ನಾವು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಖಾಲಿ ಬಿಳಿ ಹಾಳೆಗೆ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇತ್ತು. ಅಪ್ಪನ ಕಾಲದಿಂದ ಬಂದಿದ್ದು, ಪೇಟೆಯಲ್ಲಿ ಬಹಳ ಜನ ಮಾಡ್ತಾರೆ, ಮುಂದೆ ಏನಾದರೂ ತಕರಾರಾದರೆ ರಾಜೀನಾಮೆ ಬರೆದುಕೊಳ್ಳೋಕೆ ಅಂತ. 24 ಹಾಳೆ. ಕೆಲವಕ್ಕೆ ರೆವಿನ್ಯೂ ಸ್ಟಾಂಪು ಅಂಟಿಸಿ ಅದರ ಮೇಲೆ ಸಹಿ. ಒಂದರಲ್ಲಿ ಹೆಬ್ಬೆಟ್ಟು. ಅವರು ಆ ಹೆಬ್ಬೆಟ್ಟಿನ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದರು. 'ಇದನ್ನ ಕೊಡುವಾಗ ಆ ಮನುಷ್ಯನಿಗೆ ಏನನಿಸಿರಬೇಕು?' ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. 'ಇವನ್ನ ವಾಪಸ್ ಕೊಟ್ಟು ಬನ್ನಿ. ಹರಿದು ಹಾಕಬೇಡಿ, ಅವರವರ ಕೈಗೇ ಕೊಡಿ. ಆಮೇಲೆ ನಿಮ್ಮ ಕೆಲಸ ಶುರು ಮಾಡ್ತೀನಿ.'

ಇದು ಷರತ್ತು. ಫೀಸಿನ ಮಾತು ಇನ್ನೂ ಬಂದಿರಲಿಲ್ಲ.

ನಮ್ಮಿಬ್ಬರಲ್ಲಿ ತಮ್ಮ ಒಪ್ಪಲಿಲ್ಲ, ಎರಡು ದಿನ ಜಗಳ ಆಯಿತು. ಬುಧವಾರ ಬೆಳಿಗ್ಗೆ ಅಂಗಡಿ ತೆರೆಯೋ ಮೊದಲು ಎಲ್ಲರನ್ನೂ ಕೂರಿಸಿ ಹೆಸರು ಕರೆದು ಒಂದೊಂದೇ ಹಾಳೆ ಕೊಟ್ಟೆ. ಚಿಕ್ಕವರು ಸುಮ್ನೆ ತಗೊಂಡರು. ಹೆಬ್ಬೆಟ್ಟು ಹಾಕಿದ್ದ ಗೋಡೌನಿನ ಅಜ್ಜ, ಅಪ್ಪನ ಕಾಲದವರು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಗುಂಡಿ ಹಾಕಿಕೊಂಡರು. ಏನೂ ಮಾತಾಡಲಿಲ್ಲ. ಇಷ್ಟು ವರ್ಷ ಆ ಹಾಳೆ ನಮ್ಮ ಕಪಾಟಿನಲ್ಲಿದೆ ಅನ್ನೋದು ಅವರಿಗೆ ನೆನಪಿತ್ತು ಅಂತ ಆಗ ಗೊತ್ತಾಯಿತು.

ಇನ್ನು ಆ ಹುಡುಗನ ವಿಷಯ. ಸಸ್ಪೆಂಡ್ ಮಾಡೋಣ ಅಂತ ನಾನು. ಯಾಕೆ ಅಂತ ಅವರು. ಸಸ್ಪೆಂಡ್ ಮಾಡೋದು ಶಿಕ್ಷೆ ಅಲ್ಲ, ಸಾಕ್ಷಿ ಕೆಡಿಸಬಹುದು ಅನ್ನೋ ಭಯ ಇದ್ದಾಗ ಮಾತ್ರ ದೂರ ಇಡೋ ಕ್ರಮ, ಕ್ಯಾಮೆರಾ ರೆಕಾರ್ಡು ನಿಮ್ಮ ಹತ್ತಿರ, ಬಿಲ್ ಪುಸ್ತಕ ನಿಮ್ಮ ಹತ್ತಿರ, ಅವನು ಕೆಡಿಸೋಕೆ ಏನಿದೆ ಅಂದರು. ಸಸ್ಪೆಂಡ್ ಮಾಡಿದರೆ ಜೀವನಾಂಶ ಭತ್ಯೆ ಕೊಡಬೇಕು. ಮೊದಲ 90 ದಿನ ಸಂಬಳದ ಅರ್ಧ, ಅದರ ಮೇಲೆ ಹೋದರೆ ಇನ್ನೂ ಜಾಸ್ತಿ. ಸಂಬಳ ಇಲ್ಲದೆ ಮನೆಗೆ ಕಳಿಸೋ ಹಾಗಿಲ್ಲ. ಹುಡುಗನನ್ನು ಕೌಂಟರಿನಿಂದ ಮಡಚೋ ವಿಭಾಗಕ್ಕೆ ಹಾಕಿದೆವು, ಅಷ್ಟೇ.

ಮೊದಲು ಕಾರಣ ಕೇಳಿ ನೋಟಿಸು. ನಾನು ಬರೆದುಕೊಂಡು ಹೋಗಿದ್ದೆ: 'ನೀನು ಅಂಗಡಿಗೆ ಮೋಸ ಮಾಡಿದ್ದೀಯ, ನಿನ್ನನ್ನು ಯಾಕೆ ಕೆಲಸದಿಂದ ತೆಗೆಯಬಾರದು?' ಅವರು ಕೆಂಪು ಪೆನ್ನಿನಲ್ಲಿ ಪೂರ್ತಿ ಹೊಡೆದು ಹಾಕಿದರು. ಮೋಸ ಅನ್ನೋದು ತೀರ್ಪು. ನೋಟಿಸಿನಲ್ಲಿ ತೀರ್ಪು ಬರೆದರೆ ಆಮೇಲೆ ವಿಚಾರಣೆ ಯಾಕೆ? ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಬಾಗಿಲಲ್ಲಿ, ಏನನ್ನು, ಯಾರಿಗೆ, ಯಾವ ಚೀಟಿ ಇಲ್ಲದೆ ಕೊಟ್ಟಿದ್ದು ಕಾಣುತ್ತಿದೆ, ಅಷ್ಟು ಬರೆಯಿರಿ. ಇದಕ್ಕೆ ನಿಮ್ಮ ವಿವರಣೆ ಏನು ಅಂತ ಕೇಳಿ. ಬಹುವಚನದಲ್ಲಿ ಬರೆಯಿರಿ. ಉತ್ತರಕ್ಕೆ ಏಳು ದಿನ ಕೊಡಿ. ಕನ್ನಡದಲ್ಲೇ ಇರಲಿ. ಹೀಗೆ ಅರ್ಧ ಪುಟದ ನೋಟಿಸು ಆಯಿತು.

ವಿಚಾರಣೆ ಅಂಗಡಿಯ ಹಿಂದಿನ ಗೋಡೌನಿನಲ್ಲಿ ನಡೆಯಿತು. ಅಲ್ಲಿ ಪ್ಲಾಸ್ಟಿಕ್ ಸ್ಟೂಲು ಒಂದು, ಕುರ್ಚಿ ಎರಡು ಇದ್ದವು. ಅವರು ಬಂದವರೇ ಮೊದಲು ಸ್ಟೂಲು ತೆಗೆಸಿ ಇನ್ನೊಂದು ಕುರ್ಚಿ ತರಿಸಿದರು. ಎಲ್ಲರೂ ಒಂದೇ ಎತ್ತರದಲ್ಲಿ ಕೂರಬೇಕು ಅಂದರು. ದೂರು ಕೊಟ್ಟವನು, ಸಾಕ್ಷಿ ಹೇಳುವವನು ವಿಚಾರಣೆ ನಡೆಸೋ ಹಾಗಿಲ್ಲ, ಹಾಗಾಗಿ ನಡೆಸಿದ್ದು ಅವರು, ನಾನು ಸಾಕ್ಷಿ ಮಾತ್ರ. ಹುಡುಗನ ಜೊತೆ ಅವನಿಗೆ ಬೇಕಾದ ಒಬ್ಬ ಸಹೋದ್ಯೋಗಿ ಕೂರಬಹುದು ಅಂದಾಗ ಅವನು ಸೀರೆ ವಿಭಾಗದ ಹಿರಿಯಕ್ಕನನ್ನು ಕರೆದ. ಮೊದಲು ನನ್ನ ಹೇಳಿಕೆ. ಆಮೇಲೆ 'ನೀನು ಸಾವ್ಕಾರ್ರನ್ನ ಏನಾದ್ರೂ ಕೇಳಬೇಕಾ?' ಅಂತ ಅವನನ್ನು ಕೇಳಿದರು. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ತಲೆ ಎತ್ತದೆ ಕೇಳಿದ: 'ಅಣ್ಣಾ, ನೋಡೋಕೆ ಅಂತ ಮನೆಗೆ ಸೀರೆ ಕೊಟ್ಟು ಕಳಿಸೋದು ನಮ್ಮ ಅಂಗಡೀಲಿ ಇಲ್ವಾ?'

ಇದೆ. ನಾವೇ ಶುರು ಮಾಡಿದ್ದು. ಗೊತ್ತಿರುವ ಗಿರಾಕಿಗಳು ಮದುವೆ ಜವಳಿಗೆ ಬಂದಾಗ ನಾಲ್ಕು ಸೀರೆ ಮನೆಗೆ ಒಯ್ದು ಹಿರಿಯರಿಗೆ ತೋರಿಸಿ, ಬೇಡವಾದ್ದನ್ನು ವಾಪಸ್ ತರುತ್ತಾರೆ. ಅದಕ್ಕೊಂದು ಚೀಟಿ ಪುಸ್ತಕ ಇದೆ. ಆ ದಿನ ಪುಸ್ತಕ ಗಲ್ಲಾಪೆಟ್ಟಿಗೆಯೊಳಗೆ ಬೀಗ ಹಾಕಿತ್ತು, ಗಲ್ಲಾದ ಮೇಲಿದ್ದ ನನ್ನ ತಮ್ಮ ಊಟಕ್ಕೆ ಹೋಗಿದ್ದ, ಬಂದ ಹೆಂಗಸು ಶಾಮನೂರಿನ ಕಡೆಯ ಹಳೇ ಗಿರಾಕಿ, ಹೊರಗೆ ಆಟೋ ನಿಲ್ಲಿಸಿಕೊಂಡಿದ್ದರು. ಹುಡುಗ ಕೊಟ್ಟು ಕಳಿಸಿದ. ಆಮೇಲೆ ಚೀಟಿ ಬರೆಸೋಣ ಅಂದುಕೊಂಡ, ಸೀಸನ್ ಗದ್ದಲದಲ್ಲಿ ಮರೆತ. ನಾನು ಕಿರುಚಿದಾಗ ಹೆದರಿ ಕೊಟ್ಟಿಲ್ಲ ಅಂದ. ಆ ಹೆಂಗಸನ್ನು ಕೇಳಿದೆವು. ಒಂದು ಸೀರೆ ವಾಪಸ್ ಕಳಿಸಿದರು, ಇನ್ನೊಂದಕ್ಕೆ ದುಡ್ಡು ಕೊಟ್ಟರು.

ಹಾಗಂತ ಅವನ ತಪ್ಪೇ ಇಲ್ಲ ಅಂತಲ್ಲ. ಚೀಟಿ ಇಲ್ಲದೆ ಮಾಲು ಹೊರಗೆ ಕೊಟ್ಟ, ಯಾರಿಗೂ ಹೇಳಲಿಲ್ಲ, ಕೇಳಿದಾಗ ಸುಳ್ಳು ಹೇಳಿದ. ವರದಿಯಲ್ಲಿ ಅವರು ಹಾಗೇ ಬರೆದರು: ಕಳ್ಳತನ ಸಾಬೀತಾಗಿಲ್ಲ, ನಿಯಮ ಮೀರಿದ್ದು ಸಾಬೀತಾಗಿದೆ. ಶಿಕ್ಷೆ, ಲಿಖಿತ ಎಚ್ಚರಿಕೆ. ಅವನ ಹೇಳಿಕೆಯನ್ನು ಕೈಬರಹದಲ್ಲಿ ಕನ್ನಡದಲ್ಲಿ ಬರೆದುಕೊಂಡು ಪ್ರತಿ ಪುಟವನ್ನೂ ಅವನಿಂದಲೇ ಗಟ್ಟಿಯಾಗಿ ಓದಿಸಿದರು. ಒಂದು ಕಡೆ 'ನಾನು ಹಾಗೆ ಹೇಳಿಲ್ಲ ಸರ್' ಅಂದ. ಹೊಡೆದು ಹಾಕಿ, ಅವನು ಹೇಳಿದ ಹಾಗೆ ಬರೆದು, ಪಕ್ಕದಲ್ಲಿ ಅವನ ಸಹಿ ಹಾಕಿಸಿದರು. ಅವನ ಕೈ ನಡುಗುತ್ತಿತ್ತು. ನೀರು ಕುಡಿದು ಹಾಕು ಅವಸರ ಇಲ್ಲ ಅಂತ ಕಾದರು. ವಿಚಾರಣೆ ನಡೆಸಿದ ಈ ರೀತಿಗೆ ನಾನು ಇವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಎದ್ದು ಹೋಗುವಾಗ ನನಗೊಂದು ಮಾತು ಹೇಳಿದರು. 'ಇಪ್ಪತ್ತು ಜನರ ಎದುರಿಗೆ ಕಳ್ಳ ಅಂದಿದ್ದೀರಿ. ಒಳಗೆ ಕರೆದು ಒಬ್ಬನಿಗೇ ಸಮಾಧಾನ ಹೇಳಿದರೆ ಅದು ವಾಪಸ್ ಬರಲ್ಲ.' ಮಾರನೇ ದಿನ ಎಲ್ಲರ ಎದುರಿಗೆ, ಅವನು ಕಳ್ಳ ಅಲ್ಲ, ನಾನು ಕೇಳದೆ ಅಂದುಬಿಟ್ಟೆ, ತಪ್ಪು ನನ್ನದು ಅಂತ ಹೇಳಿದೆ. ಕಷ್ಟ ಆಯಿತು. ಅಂಗಡಿ ನಡೆಸುತ್ತಿರುವ 14 ವರ್ಷದಲ್ಲಿ ಕೆಲಸದವರ ಎದುರಿಗೆ ನಾನು ಆ ಮಾತು ಆಡಿದ್ದು ಅದೇ ಮೊದಲು. ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ. ಮೊದಲಿನಷ್ಟು ಸಲುಗೆ ಇಲ್ಲ ಅನ್ನೋದೂ ನಿಜ. ಕೋಪದಲ್ಲಿ ಕುಯ್ದ ಮೂಗು ಅಂತಾರಲ್ಲ, ಅದು.

ಆಮೇಲೆ ನಿಯಮಗಳನ್ನು ಬರೆಸಿದೆವು. ಎರಡೇ ಪುಟ, ಕನ್ನಡ, ದೊಡ್ಡ ಅಕ್ಷರ. ನಮ್ಮಂಥ ಸಣ್ಣ ಅಂಗಡಿಗೆ ಕಾನೂನಿನ ಪ್ರಕಾರ ಸ್ಥಾಯಿ ಆದೇಶ, ಅಂದರೆ ಕೆಲಸದ ಷರತ್ತು ಮತ್ತು ಶಿಸ್ತಿನ ಲಿಖಿತ ನಿಯಮ, ಕಡ್ಡಾಯ ಅಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದು 300 ಅಥವಾ ಜಾಸ್ತಿ ಕೆಲಸಗಾರರು ಇರುವ ಕಡೆಗೆ. ಆದರೂ ಬರೆದಿಡಿ ಅಂದರು, ತಪ್ಪು ಯಾವುದು ಅಂತ ಮೊದಲೇ ಹೇಳದೆ ಇದ್ದರೆ ಶಿಕ್ಷೆ ಹೇಗೆ ಕೊಡ್ತೀರಿ ಅಂತ. ನಮಗೆ ನೇರವಾಗಿ ತಾಗುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮು. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಒಂದು ತಿಂಗಳ ಸಂಬಳ ಕೊಡದೆ ತೆಗೆಯೋ ಹಾಗಿಲ್ಲ. ದುರ್ನಡತೆ ಅಂತ ತೆಗೆಯೋದಾದರೆ ನೋಟಿಸು ಬೇಡ, ಆದರೆ ವಿಚಾರಣೆ ನಡೆಸಿ ಸಾಕ್ಷಿ ದಾಖಲಿಸಿರಬೇಕು. ನಾನು ಶನಿವಾರ ಸಂಜೆ ಮೆಟ್ಟಿಲು ಹತ್ತಬೇಡ ಅಂದಿದ್ದು ಇದರಲ್ಲಿ ಯಾವುದಕ್ಕೂ ಸೇರಲ್ಲ.

ತಡವಾಗಿ ಬಂದರೆ 50 ರೂಪಾಯಿ ಕಟ್ ಮಾಡೋ ಪದ್ಧತಿ ನಮ್ಮಲ್ಲಿತ್ತು. ಮಾಯಕೊಂಡದ ಕಡೆಯಿಂದ ಬಸ್ಸಿನಲ್ಲಿ ಬರುವ ಒಬ್ಬಾಕೆಗೆ ಒಂದೇ ತಿಂಗಳಲ್ಲಿ 11 ದಿನ ಕಟ್ ಆಗಿತ್ತು, 550 ರೂಪಾಯಿ. ಸಂಬಳ 16,000. ಅವರು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಅಂತ ಹಿಡಿದರೆ ಆಕೆ ತಡ ಮಾಡುತ್ತಿದ್ದ 20 ನಿಮಿಷದ ಬೆಲೆ ಸುಮಾರು 26 ರೂಪಾಯಿ. ಕೆಲಸ ಮಾಡದ ಹೊತ್ತಿಗೆ ಅಷ್ಟು ಹಿಡಿದುಕೊಳ್ಳಬಹುದು. ಅದರ ಮೇಲೆ ಹಿಡಿದರೆ ಅದು ದಂಡ. ದಂಡಕ್ಕೆ ಕಾನೂನಿದೆ: ಯಾವ ತಪ್ಪಿಗೆ ದಂಡ ಅಂತ ಮೊದಲೇ ಪ್ರಕಟಿಸಿರಬೇಕು, ಹಾಕುವ ಮೊದಲು ಅವರ ಮಾತು ಕೇಳಬೇಕು, ಪುಸ್ತಕದಲ್ಲಿ ಬರೆಯಬೇಕು, ತಿಂಗಳ ಒಟ್ಟು ದಂಡ ಸಂಬಳದ 3% ದಾಟಬಾರದು. 16,000ಕ್ಕೆ 480. ನಾವು ಹಿಡಿದ 550ರಲ್ಲಿ ದಂಡ ಸುಮಾರು ಅರ್ಧ, ಮಿತಿಯೊಳಗೇ ಇತ್ತು, ಆದರೆ ಹಿಡಿದಿದ್ದು ಒಂದು ಮಾತು ಕೇಳದೆ. ದಂಡದ ದುಡ್ಡು ಮಾಲೀಕನ ಜೇಬಿಗೆ ಹೋಗೋ ಹಾಗೂ ಇಲ್ಲ, ಕೆಲಸಗಾರರ ಒಳಿತಿಗೇ ಬಳಸಬೇಕು. ಇದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆಕೆಯನ್ನು ಕರೆದು ಕೇಳಿದಾಗ ಗೊತ್ತಾಗಿದ್ದು, ಮಗು ಅಂಗನವಾಡಿಗೆ ಬಿಟ್ಟು ಬರಬೇಕು, ಅದಾದ ಮೇಲೆ ಸಿಗೋ ಬಸ್ಸು ಹಿಡಿದರೆ ಅಂಗಡಿಗೆ ಹತ್ತಕ್ಕೆ ಹತ್ತು ನಿಮಿಷ. ನಾವು ತೆರೆಯೋದು ಒಂಬತ್ತೂವರೆಗೆ, ಆದರೆ ಬೆಳಿಗ್ಗೆ ಹನ್ನೊಂದರವರೆಗೆ ಗಿರಾಕಿ ಎಲ್ಲಿ ಬರ್ತಾರೆ? ಆಕೆಯ ಹೊತ್ತು ಹತ್ತಕ್ಕೆ ಮಾಡಿ ಸಂಜೆ ಅರ್ಧ ಗಂಟೆ ಮುಂದಕ್ಕೆ ಹಾಕಿದೆವು. ಹಿಡಿದ ದುಡ್ಡು ವಾಪಸ್ ಕೊಟ್ಟೆವು. ಆಮೇಲೆ ಆಕೆ ತಡ ಮಾಡಿದ್ದು ಎರಡೇ ಸಲ, ಎರಡು ಸಲವೂ ಮೊದಲೇ ಫೋನ್ ಮಾಡಿದ್ದರು.

ಒಂದು ವಿಷಯದಲ್ಲಿ ಅವರಿಗೂ ನನಗೂ ವಾದ ಆಗಿದೆ. ಅಮೆರಿಕದ ಡಗ್ಲಸ್ ಮೆಕ್‌ಗ್ರೆಗರ್ ಅನ್ನೋ ಪ್ರೊಫೆಸರ್ ಹೇಳಿದ ಕಾದ ಒಲೆಯ ನಿಯಮವನ್ನು ಅವರು ನಮ್ಮ ಸೂಪರ್‌ವೈಸರ್‌ಗಳಿಗೆ ಬೆಣ್ಣೆದೋಸೆ ಹಂಚು ಇಟ್ಟುಕೊಂಡು ಹೇಳಿಕೊಟ್ಟರು. ಹಂಚು ಕಾದಿದೆ ಅಂತ ನೋಡಿದರೇ ಗೊತ್ತಾಗುತ್ತೆ, ಅದು ಎಚ್ಚರಿಕೆ. ಮುಟ್ಟಿದ ಕೂಡಲೇ ಸುಡುತ್ತೆ, ಆರು ತಿಂಗಳ ನಂತರ ಅಲ್ಲ. ಯಾರು ಮುಟ್ಟಿದರೂ ಸುಡುತ್ತೆ, ಮಾಲೀಕನ ಭಾವಮೈದ ಅಂತ ಬಿಡಲ್ಲ. ಸುಡೋದು ಮುಟ್ಟಿದ್ದಕ್ಕೆ, ಹಂಚಿಗೆ ಮನುಷ್ಯನ ಮೇಲೆ ದ್ವೇಷ ಇಲ್ಲ. ನಮ್ಮ ಹುಡುಗರಿಗೆ ಇದು ಥಟ್ ಅಂತ ಅರ್ಥ ಆಯಿತು. ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಹಂಚು ಯಾಕೆ ಮುಟ್ಟಿದೆ ಅಂತ ಕೇಳಲ್ಲ ಅಲ್ವಾ ಸರ್, ಆ ಮಗುವಿನ ತಾಯಿಗೂ ಸುಡುತ್ತೆ, ಬೇಕಂತಲೇ ಮಲಗಿದ್ದು ಬರೋನಿಗೂ ಅಷ್ಟೇ ಸುಡುತ್ತೆ ಅಂದೆ. ಅವರು ಸ್ವಲ್ಪ ಯೋಚಿಸಿ, ಅದಕ್ಕೇ ಹಂಚಿನ ಪಕ್ಕ ಒಬ್ಬ ಮನುಷ್ಯ ನಿಂತಿರಬೇಕು ಅಂದರು. ಅದು ಉತ್ತರ ಅಂತ ನನಗೆ ಇನ್ನೂ ಅನಿಸಿಲ್ಲ. ಒಂದೇ ತಪ್ಪಿಗೆ ಒಂದೇ ಶಿಕ್ಷೆ ಅನ್ನೋದು ಎಲ್ಲರಿಗೂ ಕಾಣುವ ನ್ಯಾಯ. ಕಾರಣ ನೋಡಿ ಬದಲಾಯಿಸಿದರೆ ಪಕ್ಕದವನು 'ಅವಳಿಗೊಂದು ನನಗೊಂದು' ಅಂತಾನೆ. ಈಗ ನಾವು ಬದಲಾಯಿಸಿದಾಗ ಕಾರಣವನ್ನೂ ಬರೆದಿಡುತ್ತೇವೆ, ಕೇಳಿದವರಿಗೆ ಹೇಳುತ್ತೇವೆ. ಅಷ್ಟರ ಮಟ್ಟಿಗೆ ಗೊಣಗಾಟ ಕಡಿಮೆ ಆಗಿದೆ.

ಇವರು ಬರೀ ಕೆಲಸಗಾರರ ಪರ, ಮಾಲೀಕರ ಕೈ ಕಟ್ಟಿ ಹಾಕ್ತಾರೆ ಅಂತ ಪೇಟೆಯಲ್ಲಿ ಕೆಲವರು ಹೇಳ್ತಾರೆ. ಅದು ಸರಿಯಲ್ಲ. ನಮ್ಮಲ್ಲೇ ಒಂಬತ್ತು ವರ್ಷ ಗಲ್ಲಾದಲ್ಲಿದ್ದ ಒಬ್ಬರನ್ನು ಇವರ ಮೂಲಕವೇ ಕೆಲಸದಿಂದ ತೆಗೆದಿದ್ದೇವೆ. ಗಿರಾಕಿ ವಾಪಸ್ ಕೊಟ್ಟರು ಅಂತ ಸುಳ್ಳು ಬಿಲ್ಲು ಮಾಡಿ ನಗದು ತೆಗೆಯುತ್ತಿದ್ದರು. ನಾಲ್ಕು ತಿಂಗಳಲ್ಲಿ 14 ಬಿಲ್ಲು, 31,600 ರೂಪಾಯಿ. ಆ ಸಲ ಇವರೇ ಸಸ್ಪೆಂಡ್ ಮಾಡಿ ಅಂದರು, ಪುಸ್ತಕ ಅವರ ಕೈಯಲ್ಲೇ ಇರೋದರಿಂದ. ಅರ್ಧ ಸಂಬಳ ಕೊಟ್ಟುಕೊಂಡೇ ಮೂರು ಸಿಟ್ಟಿಂಗ್ ವಿಚಾರಣೆ ಆಯಿತು. ವರದಿ ಬಂದ ಮೇಲೆ ನಾನು ಆದೇಶ ಕೊಡೋಕೆ ಹೊರಟಾಗ ತಡೆದರು. ಮೊದಲು ವರದಿಯ ಪ್ರತಿ ಅವರಿಗೆ ಕೊಟ್ಟು, ಅದರ ಮೇಲೆ ಅವರಿಗೆ ಹೇಳೋದಿದ್ದರೆ ಕೇಳಬೇಕು, 1993ರಲ್ಲಿ ಸುಪ್ರೀಂ ಕೋರ್ಟು ಕರುಣಾಕರ್ ಪ್ರಕರಣದಲ್ಲಿ ಹೇಳಿದ್ದು ಸರ್ಕಾರಿ ಕೆಲಸಕ್ಕಷ್ಟೇ ಅಲ್ಲ, ಖಾಸಗಿಯವರಿಗೂ ಅನ್ವಯ ಅಂದರು. ಕೊಟ್ಟೆವು. ಅವರ ಉತ್ತರವನ್ನೂ ಓದಿದೆವು. ಆಮೇಲೇ ಆದೇಶ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷದ ಲೆಕ್ಕದಲ್ಲಿ ಕೊಡೋ ದುಡ್ಡು, ಒಂದು ಪೈಸೆ ಕೊಡಲ್ಲ ಅಂತ ತಮ್ಮ ಕೂತ. ಸಂಬಳ 22,000, ಒಂಬತ್ತು ವರ್ಷ, ವರ್ಷಕ್ಕೆ 15 ದಿನದ ಲೆಕ್ಕದಲ್ಲಿ 26ರಿಂದ ಭಾಗಿಸಿದರೆ ಸುಮಾರು 1,14,230 ರೂಪಾಯಿ ಆಗುತ್ತೆ. ನಷ್ಟ ಮಾಡಿದ್ದಕ್ಕೆ ತೆಗೆದರೆ, ಆ ನಷ್ಟದಷ್ಟು ಮುರಿದುಕೊಳ್ಳೋಕೆ ಕಾನೂನಿನಲ್ಲಿ ಅವಕಾಶ ಇದೆ. ಪೂರ್ತಿ ಮುರಿಯಬೇಕಾದರೆ ಅದಕ್ಕೆ ಬೇರೆ, ಇನ್ನೂ ಗಟ್ಟಿ ಕಾರಣ ತೋರಿಸಬೇಕು, ನೀವು ಸಿಟ್ಟಿಗೆ ಮುರಿಯೋದು ಬೇಡ ಅಂದರು. 31,600 ಕಳೆದು 82,630 ಕೊಟ್ಟೆವು. ಕೆಲಸ ಹೋದ ಆ ಗಲ್ಲಾದವರು ಲೇಬರ್ ಆಫೀಸಿಗೂ ಹೋದರು. ನಮ್ಮ ಫೈಲು ನೋಡಿದ ಮೇಲೆ ಅಲ್ಲಿಗೇ ನಿಂತಿತು. ಶಿಕ್ಷೆ ಜಾಸ್ತಿ ಆಯಿತು ಅನಿಸಿದರೆ ಕಡಿಮೆ ಮಾಡುವ ಅಧಿಕಾರ ಕಾರ್ಮಿಕ ವಿವಾದ ನೋಡುವ ನ್ಯಾಯಮಂಡಳಿಗೆ 1971ರಿಂದಲೂ ಇದೆ, ಅದಕ್ಕೇ ಅಳತೆ ತಪ್ಪಬೇಡಿ ಅನ್ನೋದು ಇವರ ಮಾತು. ಆ ಗಲ್ಲಾದವರ ಮನೆಯವರು ಈಗಲೂ ಬಟ್ಟೆಗೆ ನಮ್ಮ ಅಂಗಡಿಗೇ ಬರುತ್ತಾರೆ. ಅದನ್ನು ನಾನು ನಿರೀಕ್ಷೆ ಮಾಡಿರಲಿಲ್ಲ.

ಕೊರತೆಗಳನ್ನೂ ಹೇಳಬೇಕು. ದೊಡ್ಡ ಕೊರತೆ ಒಂದು. ನಮ್ಮಲ್ಲಿ 15 ಜನ ಹೆಣ್ಣುಮಕ್ಕಳಿದ್ದಾರೆ ಅಂತ ಗೊತ್ತಿದ್ದೂ, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಬಗ್ಗೆ ಇವರು ತಾವಾಗೇ ಒಂದು ಮಾತೂ ಹೇಳಲಿಲ್ಲ. ನನ್ನ ಹೆಂಡತಿ ಕೇಳಿದ ಮೇಲೆ ಹೇಳಿದರು. ಹತ್ತು ಅಥವಾ ಜಾಸ್ತಿ ಜನ ಇರುವ ಪ್ರತಿ ಕಡೆಯೂ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷರು ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಒಬ್ಬರು ಸದಸ್ಯರಿರಬೇಕು. ಅಂಥ ದೂರು ಬಂದರೆ ಇವರು ನಡೆಸೋ ಮಾಮೂಲಿ ವಿಚಾರಣೆಗೆ ಹಾಕೋ ಹಾಗಿಲ್ಲ, ಆ ಸಮಿತಿಯೇ ನೋಡಬೇಕು, 90 ದಿನದೊಳಗೆ ಮುಗಿಸಬೇಕು. ಇದು ಮೊದಲ ದಿನವೇ ಹೇಳಬೇಕಾದ ವಿಷಯ. ನಮ್ಮಲ್ಲಿ ಎಂಟು ತಿಂಗಳು ಸಮಿತಿ ಇಲ್ಲದೆ ಹೋಯಿತು. ಹೆಣ್ಣುಮಕ್ಕಳು ಜಾಸ್ತಿ ಇರುವ ಅಂಗಡಿಯವರು, ಗಾರ್ಮೆಂಟ್ಸ್‌ನವರು, ನರ್ಸಿಂಗ್ ಹೋಮಿನವರು ಇವರ ಹತ್ತಿರ ಹೋದರೆ ಇದನ್ನು ನೀವೇ ಕೇಳಿ ಮಾಡಿಸಿಕೊಳ್ಳಿ.

ಇನ್ನೊಂದು, ನಿಧಾನ. ಎಲ್ಲಾ ಕೈಬರಹ. ಟೈಪ್ ಮಾಡಿಸೋಕೆ ಹೊರಗೆ ಕಳಿಸ್ತಾರೆ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನೋಡಲ್ಲ. ಹೊಸ ಕಾರ್ಮಿಕ ಸಂಹಿತೆಗಳ ಬಗ್ಗೆ ಏನಾದರೂ ಕೇಳಿದರೆ ಓದಿ ಹೇಳ್ತೀನಿ ಅಂತ ಎರಡು ವಾರ ತಗೊಂಡರು. ಹೇಳಿದ್ದು ಮಾತ್ರ ಸರಿಯಾಗಿತ್ತು. ಕೆಲಸ ಬಿಟ್ಟವರ ಅಥವಾ ತೆಗೆದವರ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು ಅನ್ನೋದು ಹಾಗೆ ಗೊತ್ತಾಗಿದ್ದು. ಮೊದಲೆಲ್ಲಾ ನಾವು ಮುಂದಿನ ತಿಂಗಳ ಹತ್ತಕ್ಕೆ ಬಾ ಅಂತಿದ್ದೆವು.

ಫೀಸು: ನಿಯಮ ಬರೆದುಕೊಟ್ಟು ಎಲ್ಲರಿಗೂ ಕೂರಿಸಿ ವಿವರಿಸಿದ್ದಕ್ಕೆ 12,000. ವಿಚಾರಣೆಗೆ ಒಂದು ಸಿಟ್ಟಿಂಗಿಗೆ 3,500. ಫೋನಿನಲ್ಲಿ ಕೇಳಿದ್ದಕ್ಕೆ ಇದುವರೆಗೆ ತಗೊಂಡಿಲ್ಲ. ಆ ಹುಡುಗನ ವಿಷಯ ಒಂದೇ ಸಿಟ್ಟಿಂಗಿನಲ್ಲಿ ಮುಗಿದಿತ್ತು, ಅಂದರೆ 3,500. ಸುಮ್ನೆ ತೆಗೆದುಹಾಕಿದ್ದರೆ ಒಂದು ರೂಪಾಯಿಯೂ ಖರ್ಚಾಗುತ್ತಿರಲಿಲ್ಲ, 22 ವರ್ಷದ ಹುಡುಗ ಊರೆಲ್ಲಾ ಕಳ್ಳ ಅನ್ನಿಸಿಕೊಂಡು ಓಡಾಡುತ್ತಿದ್ದ. ಚೌಕಿಪೇಟೆಯಲ್ಲಿ ಒಂದು ಅಂಗಡಿಯ ಮಾತು ಇನ್ನೊಂದಕ್ಕೆ ಮುಟ್ಟೋಕೆ ಅರ್ಧ ದಿನ ಸಾಕು, ಯಾರೂ ಕೆಲಸ ಕೊಡುತ್ತಿರಲಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದಿದ್ದು ಆ ಸಮಿತಿ ವಿಷಯಕ್ಕೆ.

ಹೋಗುವವರು ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತೆ. ಹಾಜರಿ ಪುಸ್ತಕ, ಸಂಬಳದ ಪುಸ್ತಕ, ಹಿಂದೆ ಯಾರಿಗಾದರೂ ಕೊಟ್ಟ ನೋಟಿಸು ಇದ್ದರೆ ಅದು, ಎಲ್ಲಾ ತಗೊಂಡು ಹೋಗಿ. ಕೆಲಸದವರಿಂದ ಸಹಿ ಹಾಕಿಸಿಕೊಂಡ ಖಾಲಿ ಹಾಳೆ ನಿಮ್ಮ ಬೀರುವಿನಲ್ಲೂ ಇದ್ದರೆ, ಅವನ್ನು ವಾಪಸ್ ಕೊಟ್ಟೇ ಹೋಗಿ. ಹೇಗೂ ಅವರು ಅಲ್ಲಿಂದಲೇ ಶುರು ಮಾಡ್ತಾರೆ.